ಮೀನು ಒಂದೇ, ಆಪ್ ಎರಡು ಯಾಕೆ? ಎಲ್ಲ ಫೋನ್‌ಗಳಲ್ಲೂ ನಡೆಯುವ ಆಪ್ ಕಟ್ಟುವ ಬಗೆ

ಜೂನ್ 1ಕ್ಕೆ ಮಲ್ಪೆಯಲ್ಲಿ ಯಾಂತ್ರಿಕ ಬೋಟ್‌ಗಳೆಲ್ಲ ದಡಕ್ಕೆ ಬಂದು ನಿಂತವು. ಜುಲೈ 31ರ ತನಕ, ಅಂದರೆ 61 ದಿನ, ಅವು ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿನ ವ್ಯಾಪಾರ ಮಾಡುವ ನನ್ನ ಭಾವನಿಗೆ ವರ್ಷದಲ್ಲಿ ಸ್ವಲ್ಪ ಬಿಡುವು ಸಿಗುವುದು ಈ ಎರಡು ತಿಂಗಳು ಮಾತ್ರ. ಈ ಸಲ ಆ ಬಿಡುವಿನಲ್ಲಿ ಅವರು ಒಂದು ಆಪ್ ಮಾಡಿಸಲು ಹೊರಟಿದ್ದಾರೆ. ಬೆಳಿಗ್ಗೆ ಬಂದರಿನಲ್ಲಿ ಯಾವ ಮೀನು ಸಿಕ್ಕಿತು, ರೇಟು ಎಷ್ಟು ಎಂದು ಆಪ್‌ನಲ್ಲಿ ಹಾಕುವುದು. ಜನ ಅಲ್ಲೇ ಆರ್ಡರ್ ಮಾಡುವುದು. ಮಧ್ಯಾಹ್ನದ ಅಡುಗೆಗೆ ಮುಂಚೆ ಕ್ಲೀನ್ ಮಾಡಿ ಮನೆಗೆ ತಲುಪಿಸುವುದು.

ಮೂರು ಕಡೆ ಕೊಟೇಶನ್ ಕೇಳಿದರು. ಮೂರೂ ಬೇರೆ ಬೇರೆ ತರಹ ಬಂದವು. ಒಬ್ಬರು ಆಂಡ್ರಾಯ್ಡ್‌ಗೆ ಒಂದು ಆಪ್, ಐಫೋನ್‌ಗೆ ಇನ್ನೊಂದು ಆಪ್ ಎಂದು ಎರಡು ಮೊತ್ತ ಬರೆದಿದ್ದರು. ಇನ್ನೊಬ್ಬರು ‘ಒಂದೇ ಕೋಡ್, ಎರಡೂ ಫೋನ್’ ಎಂದು ಒಂದೇ ಮೊತ್ತ ಬರೆದಿದ್ದರು. ಮೂರನೆಯವರು ‘ವೆಬ್‌ಸೈಟನ್ನೇ ಆಪ್ ಮಾಡಿ ಕೊಡುತ್ತೇವೆ’ ಎಂದು ತುಂಬ ಕಡಿಮೆಗೆ ಒಪ್ಪಿದ್ದರು. ಮೂರೂ ಚೀಟಿ ಮೇಜಿನ ಮೇಲಿಟ್ಟು ಭಾವ ಕೇಳಿದರು: “ಒಂದೇ ಮೀನು, ಒಂದೇ ರೇಟು. ಆಪ್ ಮಾತ್ರ ಎರಡು ಯಾಕೆ ಮಾರಾಯ?”

ನಾನು ಮಂಗಳೂರಿನಲ್ಲಿ ಆಪ್ ಕಟ್ಟುವ ಕೆಲಸದಲ್ಲೇ ಇದ್ದೇನೆ. ಆದರೂ ಇದಕ್ಕೆ ಒಂದು ವಾಕ್ಯದಲ್ಲಿ ಉತ್ತರ ಹೇಳಲು ಆಗಲಿಲ್ಲ. ಇದೇ ಪ್ರಶ್ನೆ ಈಗ ಸೊಸೈಟಿಯವರಿಗೆ, ಕ್ಯಾಟರಿಂಗ್‌ನವರಿಗೆ, ದೇವಸ್ಥಾನದ ಕಮಿಟಿಯವರಿಗೆ, ಟ್ಯೂಷನ್ ನಡೆಸುವವರಿಗೆ ಎಲ್ಲರಿಗೂ ಬರುತ್ತಿದೆ. ದುಡ್ಡು ಕೊಡುವ ಮುಂಚೆ ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು, ಅಲ್ವಾ? ಹಾಗಾಗಿ ಬುಡದಿಂದಲೇ ಹೇಳುತ್ತೇನೆ.

## ಪ್ಲಾಟ್‌ಫಾರ್ಮ್ ಅಂದರೆ ಏನು

ಫೋನ್‌ನೊಳಗೆ ಪರದೆ, ಕ್ಯಾಮೆರಾ, ಸ್ಪೀಕರ್, ಸಿಮ್, ಬ್ಯಾಟರಿ ಎಲ್ಲವನ್ನೂ ನೋಡಿಕೊಳ್ಳುವ ಒಂದು ದೊಡ್ಡ ಸಾಫ್ಟ್‌ವೇರ್ ಇರುತ್ತದೆ. ಅದೇ ಆಪರೇಟಿಂಗ್ ಸಿಸ್ಟಮ್. ನಾವು ಹಾಕಿಕೊಳ್ಳುವ ಆಪ್ ಯಾವುದನ್ನೂ ನೇರವಾಗಿ ಮುಟ್ಟುವುದಿಲ್ಲ. ‘ಇಲ್ಲೊಂದು ಬಟನ್ ಬೇಕು’, ‘ಒಂದು ಫೋಟೊ ತೆಗೆಯಬೇಕು’, ‘ಈ ಮೆಸೇಜ್ ತೋರಿಸಬೇಕು’ ಎಂದು ಸಿಸ್ಟಮ್ ಹತ್ತಿರ ಕೇಳುತ್ತದೆ. ಸಿಸ್ಟಮ್ ಆ ಕೆಲಸ ಮಾಡಿಕೊಡುತ್ತದೆ.

ತೊಂದರೆ ಶುರುವಾಗುವುದು ಇಲ್ಲೇ. ಕೇಳುವ ಭಾಷೆ ಒಂದೊಂದು ಸಿಸ್ಟಮ್‌ಗೆ ಒಂದೊಂದು. ಆ ಭಾಷೆಯಲ್ಲಿ ಬರೆದದ್ದೇ ಕೋಡ್. ಗೂಗಲ್‌ನ ಆಂಡ್ರಾಯ್ಡ್‌ಗೆ ಸಾಮಾನ್ಯವಾಗಿ ಜಾವಾ ಅಥವಾ ಕಾಟ್ಲಿನ್ ಎಂಬ ಭಾಷೆಯಲ್ಲಿ ಬರೆಯುತ್ತಾರೆ. ಆಪಲ್‌ನ ಐಫೋನ್‌ಗೆ ಮೊದಲು ಆಬ್ಜೆಕ್ಟಿವ್ ಸಿ ಇತ್ತು, 2014ರಲ್ಲಿ ಸ್ವಿಫ್ಟ್ ಬಂತು. ಸಿಸ್ಟಮ್, ಅದಕ್ಕೆ ಅರ್ಥವಾಗುವ ಭಾಷೆ, ಅದರ ಆಪ್ ಅಂಗಡಿ, ಅದರ ನಿಯಮಗಳು ಎಲ್ಲ ಸೇರಿದ್ದೇ ಪ್ಲಾಟ್‌ಫಾರ್ಮ್.

ಐಫೋನ್ ಬಂದದ್ದು 2007ರಲ್ಲಿ. ಅದರ ಆಪ್ ಸ್ಟೋರ್ ತೆರೆದದ್ದು 2008ರ ಜುಲೈಯಲ್ಲಿ. ಮೊದಲ ಆಂಡ್ರಾಯ್ಡ್ ಫೋನ್ ಬಂದದ್ದೂ ಅದೇ ವರ್ಷ. ಆಗ ನೋಕಿಯಾದ ಸಿಂಬಿಯನ್, ಬ್ಲ್ಯಾಕ್‌ಬೆರಿ ಇದ್ದವು. ಆಮೇಲೆ ವಿಂಡೋಸ್ ಫೋನ್ ಕೂಡ ಬಂತು. ಆಗಿನವರು ಒಂದೇ ಆಪ್ ಅನ್ನು ಐದು ಪ್ಲಾಟ್‌ಫಾರ್ಮ್‌ಗೆ ಬೇರೆ ಬೇರೆಯಾಗಿ ಬರೆಯುವ ಕಷ್ಟ ಪಟ್ಟಿದ್ದಾರೆ. ಈಗ ಉಳಿದ ದೊಡ್ಡವು ಎರಡೇ.

ನಮ್ಮ ದೇಶದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಫೋನ್‌ಗಳು ಆಂಡ್ರಾಯ್ಡ್. ಹಾಗಾದರೆ ಐಫೋನ್ ಬಿಟ್ಟುಬಿಡಬಹುದಲ್ಲ ಎಂದು ಭಾವ ಕೇಳಿದರು. ಬಿಡಬಹುದಿತ್ತು. ಆದರೆ ಅವರ ಗಿರಾಕಿಗಳು ಯಾರು ನೋಡಿ. ಮಣಿಪಾಲದ ಫ್ಲ್ಯಾಟ್‌ಗಳಲ್ಲಿ ಇರುವ ಡಾಕ್ಟರ್‌ಗಳು, ವಿದ್ಯಾರ್ಥಿಗಳು. ದುಬೈಯಲ್ಲಿ ಕೂತು ಕಾಪುವಿನ ಮನೆಯಲ್ಲಿರುವ ಅಮ್ಮನಿಗೆ ಅಂಜಲ್ ಮೀನು ಆರ್ಡರ್ ಮಾಡುವ ಮಗ. ಇವರಲ್ಲಿ ತುಂಬ ಜನರ ಕೈಯಲ್ಲಿ ಐಫೋನ್ ಇದೆ. ಮನೆಯಲ್ಲಿ ಬಾಗಿಲು ತೆರೆದು ಮೀನು ತೆಗೆದುಕೊಳ್ಳುವ ಅಮ್ಮನ ಕೈಯಲ್ಲಿ ಆಂಡ್ರಾಯ್ಡ್ ಇದೆ. ಒಂದೇ ಆರ್ಡರ್ ಎರಡೂ ಕಡೆ ಕಾಣಬೇಕು. ಕರಾವಳಿಯಲ್ಲಿ ಇದು ಮನೆ ಮನೆಯ ಕತೆ.

## ಒಂದು ಪ್ರಸಂಗ, ಎರಡು ತಿಟ್ಟು

ನಮ್ಮ ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಎಂದು ಎರಡು ಶೈಲಿ ಇವೆ. ಅದೇ ಪ್ರಸಂಗವನ್ನು ಎರಡೂ ಕಡೆ ಆಡುತ್ತಾರೆ. ಕತೆ ಒಂದೇ. ಆದರೆ ಕಿರೀಟ ಬೇರೆ, ಮುಂಡಾಸು ಬೇರೆ, ಚಂಡೆಯ ನಾದ ಬೇರೆ, ಹೆಜ್ಜೆ ಬೇರೆ. ತೆಂಕಿನ ಕಲಾವಿದರನ್ನು ಒಂದೇ ರಾತ್ರಿಯಲ್ಲಿ ಬಡಗಿಗೆ ಕುಣಿಸಲು ಆಗುವುದಿಲ್ಲ.

ಮೊದಲ ಕೊಟೇಶನ್‌ನವರು ಹೇಳಿದ್ದು ಇದನ್ನೇ. ಎರಡು ಮೇಳ ಕಟ್ಟುತ್ತೇವೆ. ಒಂದು ಆಂಡ್ರಾಯ್ಡ್ ಭಾಷೆ ಬಲ್ಲವರದ್ದು, ಇನ್ನೊಂದು ಐಫೋನ್ ಭಾಷೆ ಬಲ್ಲವರದ್ದು. ಇಂಥ ಆಪ್‌ಗಳನ್ನು ನೇಟಿವ್ ಆಪ್ ಅನ್ನುತ್ತಾರೆ. ಆಯಾ ಸಿಸ್ಟಮ್‌ನ ಸ್ವಂತ ಭಾಷೆಯಲ್ಲಿ ಬರೆದದ್ದು ಎಂದು ಅರ್ಥ. ಇವು ಚುರುಕಾಗಿರುತ್ತವೆ. ಫೋನ್‌ನ ಹೊಸ ಸೌಲಭ್ಯ ಬಂದ ದಿನವೇ ಬಳಸಬಹುದು. ಬಟನ್, ಮೆನು, ಹಿಂದೆ ಹೋಗುವ ರೀತಿ ಎಲ್ಲವೂ ಆ ಫೋನ್ ಬಳಸುವವರಿಗೆ ರೂಢಿಯಾದ ಹಾಗೇ ಇರುತ್ತದೆ.

ಖರ್ಚು ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು. ಕಟ್ಟುವಾಗ ಒಂದು ಸಲ ಅಂತಲ್ಲ, ಪ್ರತಿ ಸಲವೂ. ಭಾವ ನಾಳೆ ‘ಬೂತಾಯಿಗೆ ಕಿಲೋ ಲೆಕ್ಕ, ಏಡಿಗೆ ಡಜನ್ ಲೆಕ್ಕ ಮಾಡಿ’ ಅಂದರೆ ಆ ಬದಲಾವಣೆ ಎರಡು ಕಡೆ ಬರೆಯಬೇಕು, ಎರಡು ಕಡೆ ಪರೀಕ್ಷೆ ಮಾಡಬೇಕು. ಒಂದರಲ್ಲಿ ಸರಿಯಾಗಿ, ಇನ್ನೊಂದರಲ್ಲಿ ತಪ್ಪಾಗಿ ಲೆಕ್ಕ ಬಂದರೆ ಗಿರಾಕಿ ಜಗಳಕ್ಕೆ ಬರುತ್ತಾರೆ.

ಹಾಗಾಗಿ ಒಂದೇ ಸಲ ಬರೆದು ಎರಡೂ ಕಡೆ ನಡೆಸುವ ದಾರಿಗಳನ್ನು ಜನ ಹುಡುಕಿದರು. ಇದನ್ನೇ ಕ್ರಾಸ್ ಪ್ಲಾಟ್‌ಫಾರ್ಮ್ ಎಂದು ಕರೆಯುವುದು. ಆ ದಾರಿಗಳು ಒಂದೇ ತರಹ ಇಲ್ಲ. ಬೆಲೆಯ ವ್ಯತ್ಯಾಸ ಇರುವುದು ಇಲ್ಲೇ.

## ಒಂದೇ ಕೋಡ್ ಎರಡು ಕಡೆ ನಡೆಯುವುದು ಹೇಗೆ

ಎಲ್ಲಕ್ಕಿಂತ ಸುಲಭದ ದಾರಿ ವೆಬ್. ಎರಡೂ ಫೋನ್‌ಗಳಲ್ಲಿ ಬ್ರೌಸರ್ ಇದೆ. ಬ್ರೌಸರ್‌ಗೆ ವೆಬ್ ಪುಟ ತೋರಿಸಲು ಗೊತ್ತು. ಹಾಗಾದರೆ ಆಪ್ ಎಂಬ ಖಾಲಿ ಚೌಕಟ್ಟು ಮಾಡಿ, ಅದರೊಳಗೆ ಪುಟ್ಟ ಬ್ರೌಸರ್ ಕೂರಿಸಿ, ವೆಬ್ ಪುಟ ತೋರಿಸಿದರೆ ಆಯಿತು. ಒಳಗಿನ ಆ ಬ್ರೌಸರ್‌ಗೆ ವೆಬ್‌ವ್ಯೂ ಎಂದು ಹೆಸರು. 2009ರಲ್ಲಿ ಬಂದ ಫೋನ್‌ಗ್ಯಾಪ್ ಈ ದಾರಿ ತೋರಿಸಿತು. ಅದರ ಮುಂದುವರಿಕೆಯಾದ ಕಾರ್ಡೋವಾ, ಆಮೇಲೆ ಅಯಾನಿಕ್ ಇದೇ ಸಾಲಿನವು. ಯಕ್ಷಗಾನದ ಲೆಕ್ಕದಲ್ಲಿ ಹೇಳುವುದಾದರೆ ಇದು ಮೇಳವನ್ನು ಕರೆಸದೆ ಆಟದ ವಿಡಿಯೋವನ್ನು ಪರದೆಯ ಮೇಲೆ ತೋರಿಸಿದ ಹಾಗೆ. ಕತೆ ತಲುಪುತ್ತದೆ. ಎಲ್ಲ ಊರಿಗೂ ಸುಲಭವಾಗಿ ಒಯ್ಯಬಹುದು. ಆದರೆ ಎದುರಿಗೆ ಆಡಿದ ಸ್ಪಂದನ ಬರುವುದಿಲ್ಲ. ಉದ್ದದ ಪಟ್ಟಿಯನ್ನು ಬೆರಳಿನಿಂದ ಸರಿಸುವಾಗ, ಹಳೆಯ ಫೋನ್‌ನಲ್ಲಿ ಪುಟದಿಂದ ಪುಟಕ್ಕೆ ಹೋಗುವಾಗ ಸ್ವಲ್ಪ ತಡೆದ ಹಾಗೆ ಅನಿಸುತ್ತದೆ. ಫೇಸ್‌ಬುಕ್ ಕೂಡ ಮೊದಲು ತನ್ನ ಆಪ್‌ನಲ್ಲಿ ವೆಬ್ ಮೇಲೆ ಜಾಸ್ತಿ ನೆಚ್ಚಿಕೊಂಡಿತ್ತು. 2012ರಲ್ಲಿ ಅದನ್ನು ಬಿಟ್ಟು ಐಫೋನ್ ಆಪ್ ಅನ್ನು ನೇಟಿವ್ ಆಗಿ ಮತ್ತೆ ಬರೆಯಿತು.

ಮೂರನೆಯ ಕೊಟೇಶನ್‌ನ ಕಡಿಮೆ ಬೆಲೆಯ ಗುಟ್ಟು ಇದು. ಮೋಸ ಏನೂ ಇಲ್ಲ. ಕೆಲವು ಕೆಲಸಕ್ಕೆ ಇಷ್ಟೇ ಸಾಕು.

ಎರಡನೆಯ ದಾರಿಯಲ್ಲಿ ಭಾಗವತರು ನಮ್ಮವರು, ವೇಷಧಾರಿಗಳು ಆಯಾ ಊರಿನವರು. ಭಾಗವತರು ಪದ ಹೇಳುತ್ತಾರೆ. ತೆಂಕಿನ ಕಡೆ ತೆಂಕಿನವರು ತಮ್ಮ ಕಿರೀಟ ಕಟ್ಟಿ ಕುಣಿಯುತ್ತಾರೆ, ಬಡಗಿನ ಕಡೆ ಬಡಗಿನವರು ತಮ್ಮ ಮುಂಡಾಸು ಕಟ್ಟಿ ಕುಣಿಯುತ್ತಾರೆ. ಫೇಸ್‌ಬುಕ್ 2015ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ರಿಯಾಕ್ಟ್ ನೇಟಿವ್ ಈ ತರಹದ್ದು. ಕೋಡ್ ಅನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದೇ ಸಲ ಬರೆಯುತ್ತೇವೆ. ಅದು ‘ಇಲ್ಲಿ ಬಟನ್ ಇಡು’ ಅಂದಾಗ ಆಂಡ್ರಾಯ್ಡ್ ತನ್ನ ಬಟನ್ ಇಡುತ್ತದೆ, ಐಫೋನ್ ತನ್ನದನ್ನು ಇಡುತ್ತದೆ. ಹಾಗಾಗಿ ನೋಡಲು ಆಯಾ ಫೋನ್‌ನದ್ದೇ ಆಪ್ ಅನಿಸುತ್ತದೆ.

ಇದರಲ್ಲಿ ಕಷ್ಟ ಎಲ್ಲಿ? ಭಾಗವತರ ಮಾತು ವೇಷಧಾರಿಗೆ ತಲುಪಬೇಕು. ಮೊದಲೆಲ್ಲ ಜಾವಾಸ್ಕ್ರಿಪ್ಟ್ ಕಡೆಯ ಪ್ರತಿ ಸಂದೇಶವೂ ‘ಬ್ರಿಡ್ಜ್’ ಎಂಬ ಒಂದೇ ಸೇತುವೆ ದಾಟಿ ಫೋನ್ ಕಡೆಗೆ ಹೋಗಬೇಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮಂಗಳೂರಿನ ಕೂಳೂರು ಸೇತುವೆ ಹೇಗಿರುತ್ತದೆ ಎಂದು ನೋಡಿದವರಿಗೆ ಹೇಳಬೇಕಾಗಿಲ್ಲ. ಸಂದೇಶ ಕಡಿಮೆ ಇದ್ದರೆ ಸರಾಗ, ಒಟ್ಟಿಗೆ ತುಂಬ ಬಂದರೆ ಸಾಲು ನಿಲ್ಲುತ್ತಿತ್ತು. ಆಮೇಲೆ ಈ ಸೇತುವೆಯನ್ನು ತೆಗೆದು ಎರಡೂ ಕಡೆ ನೇರವಾಗಿ ಮಾತಾಡುವ ಹೊಸ ಕಟ್ಟೋಣ ತಂದರು. 2024ರ ಅಕ್ಟೋಬರ್‌ನಲ್ಲಿ ಬಂದ ಆವೃತ್ತಿಯಿಂದ ಹೊಸ ಆಪ್‌ಗಳಿಗೆ ಅದೇ ರೂಢಿಯ ದಾರಿ.

ಮೂರನೆಯ ದಾರಿ ನಿಜವಾದ ಮೇಳದ ತಿರುಗಾಟದ ಹಾಗೆ. ವೇಷದ ಪೆಟ್ಟಿಗೆ, ಚಂಡೆ, ಮದ್ದಳೆ, ಕಲಾವಿದರು, ರಂಗಸ್ಥಳದ ಕಂಬ, ಎಲ್ಲವನ್ನೂ ಲಾರಿಯಲ್ಲಿ ಹೊತ್ತುಕೊಂಡು ಹೋಗುವುದು. ಊರಿನವರಿಂದ ಬೇಕಾದದ್ದು ಖಾಲಿ ಗದ್ದೆ ಮತ್ತು ಕರೆಂಟು. ಗೂಗಲ್‌ನ ಫ್ಲಟರ್ ಹೀಗೆ ಕೆಲಸ ಮಾಡುತ್ತದೆ. ಅದರ 1.0 ಆವೃತ್ತಿ ಬಂದದ್ದು 2018ರ ಡಿಸೆಂಬರ್‌ನಲ್ಲಿ, ಬರೆಯುವ ಭಾಷೆ ಡಾರ್ಟ್. ಫ್ಲಟರ್ ಆಪ್ ಫೋನ್‌ನ ಬಟನ್ ಕೇಳುವುದೇ ಇಲ್ಲ. ‘ನನಗೆ ಖಾಲಿ ಪರದೆ ಕೊಡು’ ಅನ್ನುತ್ತದೆ. ಬಟನ್, ಪಟ್ಟಿ, ನೆರಳು, ಅಕ್ಷರ ಎಲ್ಲವನ್ನೂ ತಾನೇ ಬಿಡಿಸುತ್ತದೆ. ಪರದೆ ನುಣುಪಾಗಿ ಚಲಿಸಬೇಕಾದರೆ ಒಂದು ಸೆಕೆಂಡಿಗೆ 60 ಸಲ ಚಿತ್ರ ಬಿಡಿಸಬೇಕು. ಅಂದರೆ ಒಂದೊಂದಕ್ಕೆ ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡ್. ಫ್ಲಟರ್‌ನ ಕೋಡ್ ಫೋನ್‌ನ ಪ್ರೊಸೆಸರ್‌ಗೆ ನೇರವಾಗಿ ಅರ್ಥವಾಗುವ ರೂಪಕ್ಕೆ ಮೊದಲೇ ಬದಲಾಗಿರುತ್ತದೆ. ಆದ್ದರಿಂದ ಸಾಮಾನ್ಯ ಆಪ್‌ಗಳಲ್ಲಿ ಆ ಸಮಯದೊಳಗೆ ಅದು ಕೆಲಸ ಮುಗಿಸುತ್ತದೆ. ಗೂಗಲ್ ಪೇ ಆಪ್ ಅನ್ನು ಹೀಗೆ ಫ್ಲಟರ್‌ನಲ್ಲಿ ಮತ್ತೆ ಕಟ್ಟಿದರು.

ಎಲ್ಲ ಹೊತ್ತು ತರುವುದರಿಂದ ಲಾರಿ ಸ್ವಲ್ಪ ಭಾರ. ಏನೂ ಇಲ್ಲದ ಖಾಲಿ ಫ್ಲಟರ್ ಆಪ್ ಕೂಡ ಖಾಲಿ ನೇಟಿವ್ ಆಪ್‌ಗಿಂತ ಕೆಲವು ಎಂಬಿ ದೊಡ್ಡದಿರುತ್ತದೆ. ಇನ್ನೊಂದು, ಆಪಲ್ ತನ್ನ ಫೋನ್‌ನ ಬಟನ್‌ಗಳ ರೂಪವನ್ನು ಬದಲಿಸಿದರೆ ರಿಯಾಕ್ಟ್ ನೇಟಿವ್ ಆಪ್‌ಗೆ ಆ ಹೊಸ ರೂಪ ಹೆಚ್ಚಿನ ಮಟ್ಟಿಗೆ ತಾನಾಗಿ ಬರುತ್ತದೆ. ಫ್ಲಟರ್ ಆಪ್‌ನಲ್ಲಿ ಅದನ್ನು ಹೊಸದಾಗಿ ಬಿಡಿಸಬೇಕು.

ಇವುಗಳ ನಡುವೆ ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಎಂಬುದೂ ಇದೆ. ಇಲ್ಲಿ ಪ್ರಸಂಗ ಮಾತ್ರ ಒಂದೇ. ಅಂದರೆ ಲೆಕ್ಕ, ನಿಯಮ, ಸರ್ವರ್ ಜೊತೆಗಿನ ಮಾತು ಒಂದೇ ಸಲ ಬರೆಯುವುದು. ವೇಷ, ಕುಣಿತ ಎರಡೂ ಕಡೆ ಬೇರೆ ಬೇರೆ ಮಾಡಬಹುದು. 2023ರ ನವೆಂಬರ್‌ನಲ್ಲಿ ಇದು ಸ್ಥಿರ ಎಂದು ಘೋಷಣೆಯಾಯಿತು. ಮೈಕ್ರೋಸಾಫ್ಟ್‌ನ ಕ್ಸಾಮರಿನ್ ಕೂಡ ಒಂದು ಕಾಲಕ್ಕೆ ಹೆಸರಾಗಿತ್ತು. 2024ರ ಮೇ 1ಕ್ಕೆ ಅದರ ಬೆಂಬಲ ನಿಂತಿತು. ಅದರಲ್ಲಿ ಆಪ್ ಕಟ್ಟಿಸಿಕೊಂಡಿದ್ದವರು ಬೇರೆ ದಾರಿಗೆ ಹೋಗಬೇಕಾಯಿತು. ಒಂದು ಉಪಕರಣ ಆರಿಸುವಾಗ ಅದರ ಹಿಂದೆ ಯಾರಿದ್ದಾರೆ, ಎಷ್ಟು ಜನ ಬಳಸುತ್ತಿದ್ದಾರೆ ಎಂದು ನೋಡಬೇಕು ಅನ್ನುವುದು ಇದಕ್ಕೇ.

## ಹಂಚಿಕೊಳ್ಳಲು ಆಗದ ಅಂಚುಗಳು

ನನ್ನ ಅನುಭವದಲ್ಲಿ ಜನರಿಗೆ ಹೆಚ್ಚು ನಿರಾಸೆ ಆಗುವುದು ಇಲ್ಲಿ. ‘ಒಂದೇ ಕೋಡ್’ ಎಂದು ಕೇಳಿದವರು ಎಲ್ಲವೂ ಒಂದೇ ಎಂದು ತಿಳಿಯುತ್ತಾರೆ. ಆಪ್‌ನ ನಡುವಿನ ಭಾಗ ಒಂದೇ ಹೌದು. ಮೀನಿನ ಪಟ್ಟಿ, ಬುಟ್ಟಿ, ಲೆಕ್ಕ, ವಿಳಾಸ, ಆರ್ಡರ್‌ನ ಸ್ಥಿತಿ. ಮಳೆಗೆ ನೆಟ್‌ವರ್ಕ್ ಹೋದರೆ ಆರ್ಡರ್ ಅನ್ನು ಫೋನ್‌ನಲ್ಲೇ ಉಳಿಸಿಟ್ಟು ಆಮೇಲೆ ಕಳಿಸುವ ಉಪಾಯವೂ ಒಂದೇ. ಆಪ್ ಹೊರಗಿನ ಲೋಕವನ್ನು ಮುಟ್ಟುವ ಅಂಚುಗಳಲ್ಲಿ ಮಾತ್ರ ಪ್ಲಾಟ್‌ಫಾರ್ಮ್‌ಗಳು ಬೇರೆ ಬೇರೆಯಾಗಿಯೇ ಇರುತ್ತವೆ.

ಭಾವನ ಅಂಗಡಿಯ ಬಿಲ್ ಪ್ರಿಂಟರನ್ನೇ ನೋಡಿ. ಬ್ಲೂಟೂತ್‌ನಲ್ಲಿ ನಡೆಯುವ ಸಣ್ಣ ಥರ್ಮಲ್ ಪ್ರಿಂಟರ್. ಆಂಡ್ರಾಯ್ಡ್‌ನಲ್ಲಿ ಹಳೆ ಮಾದರಿಯ ಬ್ಲೂಟೂತ್ ಪ್ರಿಂಟರ್ ಜೊತೆ ಯಾವ ಆಪ್ ಬೇಕಾದರೂ ಮಾತಾಡಬಹುದು. ಐಫೋನ್‌ನಲ್ಲಿ ಹಾಗಿಲ್ಲ. ಹಳೆ ಮಾದರಿಯ ಬ್ಲೂಟೂತ್ ಆದರೆ ಆ ಪ್ರಿಂಟರ್‌ಗೆ ಆಪಲ್‌ನ ಅನುಮತಿ ಇರಬೇಕು. ಕಡಿಮೆ ವಿದ್ಯುತ್ತಿನ ಹೊಸ ಬ್ಲೂಟೂತ್ ಇರುವ ಪ್ರಿಂಟರ್ ಆದರೆ ಆ ಅನುಮತಿ ಬೇಕಾಗಿಲ್ಲ. ಕೋಡ್ ಎಷ್ಟೇ ಚೆನ್ನಾಗಿ ಬರೆದರೂ ಈ ನಿಯಮವನ್ನು ದಾಟಲು ಆಗುವುದಿಲ್ಲ.

ಯುಪಿಐ ಇನ್ನೊಂದು. ಆಂಡ್ರಾಯ್ಡ್‌ನಲ್ಲಿ ‘ಹಣ ಕೊಡಿ’ ಒತ್ತಿದರೆ ಫೋನ್‌ನಲ್ಲಿರುವ ಯುಪಿಐ ಆಪ್‌ಗಳ ಪಟ್ಟಿಯನ್ನು ಸಿಸ್ಟಮ್ಮೇ ತೋರಿಸುತ್ತದೆ. ಗಿರಾಕಿ ತಮಗೆ ಬೇಕಾದ್ದನ್ನು ಆರಿಸುತ್ತಾರೆ. ಐಫೋನ್‌ನಲ್ಲಿ ಅಂಥ ಪಟ್ಟಿ ತಾನಾಗಿ ಬರುವುದಿಲ್ಲ. ಒಂದೊಂದು ಯುಪಿಐ ಆಪ್ ತೆರೆಯಲು ಬೇರೆ ಬೇರೆ ಲಿಂಕ್ ಬೇಕು. ಹಾಗಾಗಿ ಆ ಪಟ್ಟಿಯನ್ನು ನಾವೇ ಕಟ್ಟಬೇಕು.

ನೋಟಿಫಿಕೇಶನ್‌ಗೂ ದಾರಿ ಎರಡು. ‘ಬಂಗುಡೆ ಬಂದಿದೆ’ ಎಂಬ ಸಂದೇಶ ಆಂಡ್ರಾಯ್ಡ್ ಫೋನ್‌ಗೆ ಗೂಗಲ್‌ನ ಸೇವೆಯ ಮೂಲಕ ಹೋಗುತ್ತದೆ, ಐಫೋನ್‌ಗೆ ಆಪಲ್‌ನ ಸೇವೆಯ ಮೂಲಕ. ಆಪ್‌ನ ಚೌಕಟ್ಟು ಇಲ್ಲದೆ ಬರೀ ವೆಬ್ ಪುಟವನ್ನೇ ಕೊಡುವವರಿಗೆ ಇಲ್ಲಿ ತುಂಬ ವರ್ಷ ತೊಂದರೆ ಇತ್ತು. ವೆಬ್ ಪುಟದಿಂದ ಐಫೋನ್‌ಗೆ ನೋಟಿಫಿಕೇಶನ್ ಕಳಿಸಲು ಸಾಧ್ಯವಾದದ್ದು ಐಫೋನ್‌ನ ಸಿಸ್ಟಮ್ ಆದ ಐಒಎಸ್‌ನ 2023ರಲ್ಲಿ ಬಂದ 16.4 ಆವೃತ್ತಿಯಿಂದ. ಅದೂ ಗಿರಾಕಿ ಆ ಪುಟವನ್ನು ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡಿದ್ದರೆ ಮಾತ್ರ.

ಇಂಥ ಅಂಚುಗಳಿಗಾಗಿ ಪ್ಲಗಿನ್ ಎಂಬ ಸಿದ್ಧ ತುಣುಕುಗಳು ಸಿಗುತ್ತವೆ. ಪ್ಲಗಿನ್‌ನೊಳಗೆ ಎರಡೂ ಭಾಷೆಯ ನೇಟಿವ್ ಕೋಡ್ ಇರುತ್ತದೆ. ನಮಗೆ ಹೊರಗಿನಿಂದ ಒಂದೇ ತರಹ ಕಾಣುತ್ತದೆ. ಯಾರೋ ಒಬ್ಬರು ಬರೆದು ಉಚಿತವಾಗಿ ಬಿಟ್ಟಿರುವ ಪ್ಲಗಿನ್‌ಗಳೇ ಜಾಸ್ತಿ. ಅವರು ನೋಡಿಕೊಳ್ಳುವುದನ್ನು ನಿಲ್ಲಿಸಿದರೆ ಆ ಭಾರ ನಮ್ಮ ಮೇಲೆ ಬೀಳುತ್ತದೆ. ಪ್ರವಾಸಿಗರಿಗೆ ಉಳಿಯಲು ಮನೆ ಗೊತ್ತು ಮಾಡಿಕೊಡುವ ಏರ್‌ಬಿಎನ್‌ಬಿ ಕಂಪನಿ 2016ರಲ್ಲಿ ರಿಯಾಕ್ಟ್ ನೇಟಿವ್ ಬಳಸಲು ಶುರು ಮಾಡಿ 2018ರಲ್ಲಿ ಬಿಡುವುದಾಗಿ ಹೇಳಿತು. ಅವರ ಆಪ್ ದೊಡ್ಡದು, ಅಂಚುಗಳೂ ತುಂಬ. ಆಂಡ್ರಾಯ್ಡ್ ಬಲ್ಲವರು, ಐಫೋನ್ ಬಲ್ಲವರು ಹೇಗೂ ಬೇಕಾಗಿದ್ದರು. ಅದರ ಮೇಲೆ ಮೂರನೆಯದೊಂದು ಸೇರಿಕೊಂಡಿತ್ತು. ಇತ್ತ ಫ್ಲಿಪ್‌ಕಾರ್ಟ್ ತನ್ನ ಆಪ್‌ನಲ್ಲಿ ರಿಯಾಕ್ಟ್ ನೇಟಿವ್ ಬಳಸುತ್ತದೆ. ಒಬ್ಬರಿಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗುವುದು ಅಂಚುಗಳ ಲೆಕ್ಕದ ಮೇಲೆ.

## ಆಂಡ್ರಾಯ್ಡ್ ಒಂದೇ ಆದರೂ ಫೋನ್ ನೂರು

ಪ್ಲಾಟ್‌ಫಾರ್ಮ್ ಎರಡೇ ಇರಬಹುದು. ಫೋನ್‌ಗಳು ಹಾಗಲ್ಲ. ಸಣ್ಣ ಪರದೆ, ದೊಡ್ಡ ಪರದೆ, ಟ್ಯಾಬ್, ಮಡಚುವ ಫೋನ್, ಮೇಲೆ ಕ್ಯಾಮೆರಾದ ತೂತು ಇರುವುದು.

ಪರದೆಯಲ್ಲಿರುವ ಸಣ್ಣ ಸಣ್ಣ ಬೆಳಕಿನ ಚುಕ್ಕೆಗೆ ಪಿಕ್ಸೆಲ್ ಅನ್ನುತ್ತಾರೆ. ಒಂದು ಇಂಚಿನಲ್ಲಿ ಒಂದು ಫೋನ್‌ಗೆ 320 ಚುಕ್ಕೆ ಇದ್ದರೆ ಇನ್ನೊಂದಕ್ಕೆ 480 ಇರುತ್ತವೆ. ಬಟನ್ ಅನ್ನು ಚುಕ್ಕೆಯ ಲೆಕ್ಕದಲ್ಲಿ ಅಳೆದರೆ ಒಂದರಲ್ಲಿ ದೊಡ್ಡದು, ಇನ್ನೊಂದರಲ್ಲಿ ಸಾಸಿವೆಯಷ್ಟು ಕಾಣುತ್ತದೆ. ಅದಕ್ಕಾಗಿ ಆಂಡ್ರಾಯ್ಡ್‌ನಲ್ಲಿ ಡಿಪಿ ಎಂಬ ಅಳತೆ ಮಾಡಿದ್ದಾರೆ. ಇಂಚಿಗೆ 160 ಚುಕ್ಕೆ ಇರುವ ಪರದೆಯಲ್ಲಿ ಒಂದು ಡಿಪಿ ಅಂದರೆ ಒಂದು ಚುಕ್ಕೆ. ಬೆರಳಿನಿಂದ ಒತ್ತುವ ಜಾಗ ಕನಿಷ್ಠ 48 ಡಿಪಿ ಇರಲಿ ಎಂದು ಗೂಗಲ್ ಹೇಳುತ್ತದೆ. ಆ ಬಟನ್ 320ರ ಪರದೆಯಲ್ಲಿ 96 ಚುಕ್ಕೆ ತೆಗೆದುಕೊಳ್ಳುತ್ತದೆ, 480ರ ಪರದೆಯಲ್ಲಿ 144. ಆದರೆ ಕಣ್ಣಿಗೆ ಕಾಣುವ ಗಾತ್ರ ಎರಡರಲ್ಲೂ ಹತ್ತಿರ ಹತ್ತಿರ ಮುಕ್ಕಾಲು ಸೆಂಟಿಮೀಟರ್. ಆಪಲ್‌ನಲ್ಲಿ ಇದೇ ಬಗೆಯ ಅಳತೆಗೆ ಪಾಯಿಂಟ್ ಎಂದು ಹೆಸರು, ಅಲ್ಲಿ ಕನಿಷ್ಠ 44. ಮೀನು ತೊಳೆದ ಒದ್ದೆ ಬೆರಳಿನಿಂದ ಒತ್ತುವವರಿಗೆ ಇದಕ್ಕಿಂತ ದೊಡ್ಡದೇ ಒಳ್ಳೆಯದು.

ಆಮೇಲೆ ಆವೃತ್ತಿ. ಹೊಸ ಐಒಎಸ್ ಬಂದರೆ ಅದಕ್ಕೆ ಒಗ್ಗುವ ಐಫೋನ್‌ಗಳಿಗೆಲ್ಲ ಒಂದೇ ಸಲ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಫೋನ್ ಕಂಪನಿ ಕೊಟ್ಟಾಗ ಮಾತ್ರ ಸಿಗುತ್ತದೆ. ಹಾಗಾಗಿ ಆರೇಳು ವರ್ಷದ ಆವೃತ್ತಿಗಳು ಒಟ್ಟಿಗೆ ಬಳಕೆಯಲ್ಲಿರುತ್ತವೆ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ಕಳಿಸಲು ಬಳಕೆದಾರರ ಒಪ್ಪಿಗೆ ಕೇಳಬೇಕು. ಅದಕ್ಕಿಂತ ಹಳೆಯದರಲ್ಲಿ ಕೇಳಬೇಕಾಗಿರಲಿಲ್ಲ. ಒಂದೇ ಆಪ್ ಎರಡೂ ರೀತಿ ನಡೆದುಕೊಳ್ಳಬೇಕು.

ಕೆಲವು ಕಂಪನಿಗಳ ಫೋನ್‌ಗಳು ಬ್ಯಾಟರಿ ಉಳಿಸಲು ಪರದೆಯ ಹಿಂದೆ ನಡೆಯುತ್ತಿರುವ ಆಪ್‌ಗಳನ್ನು ತಾವೇ ನಿಲ್ಲಿಸುತ್ತವೆ. ನಾವು ಒಮ್ಮೆ ಡೆಲಿವರಿ ಹುಡುಗರಿಗಾಗಿ ಆಪ್ ಮಾಡಿದ್ದೆವು. ಆಫೀಸಿನ ನಾಲ್ಕು ಫೋನ್‌ಗಳಲ್ಲಿ ಚೆನ್ನಾಗಿ ನಡೆಯಿತು. ಹುಡುಗರ ಕೈಗೆ ಹೋದ ಮೊದಲ ದಿನವೇ ಮೂವರು ನಕ್ಷೆಯಲ್ಲಿ ಒಂದೇ ಕಡೆ ನಿಂತುಬಿಟ್ಟರು. ಅವರು ಗಾಡಿಯಲ್ಲಿ ತಿರುಗುತ್ತಲೇ ಇದ್ದರು, ಫೋನ್ ಮಾತ್ರ ಜೇಬಿನೊಳಗೆ ಆಪ್ ಅನ್ನು ಮಲಗಿಸಿತ್ತು. ಆವತ್ತಿನಿಂದ ನಾನು ಗಿರಾಕಿಗಳ ಕೈಯಲ್ಲಿರುವ ಫೋನ್ ಯಾವುದು ಎಂದು ಕೇಳದೆ ಕೆಲಸ ಶುರು ಮಾಡುವುದಿಲ್ಲ.

## ‘ಮತ್ಸ್ಯ’ ಪರೀಕ್ಷೆ

ಕನ್ನಡದಲ್ಲಿ ಆಪ್ ಮಾಡುವವರು ಇದನ್ನು ಖಂಡಿತ ನೋಡಬೇಕು. ‘ಮತ್ಸ್ಯ’ ಎಂಬ ಪದವನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್ ಅದನ್ನು ಇಟ್ಟುಕೊಳ್ಳುವುದು ಆರು ತುಂಡಾಗಿ: ಮ, ತ, ಅಕ್ಷರದ ಸ್ವರ ತೆಗೆಯುವ ವಿರಾಮ ಚಿಹ್ನೆ (್), ಸ, ಮತ್ತೆ ಅದೇ ಚಿಹ್ನೆ, ಯ. ಈ ಆರನ್ನು ಓದಿ, ಯಾವುದು ಒತ್ತು, ಎಲ್ಲಿ ಕೂರಬೇಕು ಎಂದು ಲೆಕ್ಕ ಹಾಕಿ ಪರದೆಯ ಮೇಲೆ ಎರಡು ಅಕ್ಷರವಾಗಿ ಜೋಡಿಸುವ ಕೆಲಸ ಬೇರೆಯೇ ಇದೆ.

ರಿಯಾಕ್ಟ್ ನೇಟಿವ್‌ನಲ್ಲಿ ಆ ಕೆಲಸವನ್ನು ಫೋನ್ ಮಾಡುತ್ತದೆ. ಫ್ಲಟರ್‌ನಲ್ಲಿ ಅಕ್ಷರ ಜೋಡಿಸುವ ಉಪಕರಣವೂ ಲಾರಿಯಲ್ಲೇ ಬರುತ್ತದೆ. ಎರಡೂ ಇವತ್ತು ಕನ್ನಡವನ್ನು ಸರಿಯಾಗಿ ತೋರಿಸುತ್ತವೆ. ತಪ್ಪಾಗುವುದು ಕೋಡ್ ಬರೆಯುವವರ ಕೈಯಲ್ಲಿ. ಜಾಗ ಸಾಲದೆ ಹೆಸರನ್ನು ಕತ್ತರಿಸುವಾಗ ‘ಮೊದಲ ಮೂರು ಅಕ್ಷರ ಸಾಕು’ ಎಂದು ಬರೆದರೆ ಪರದೆಯಲ್ಲಿ ‘ಮತ್’ ಎಂದು ಕಾಣುತ್ತದೆ. ಇಂಗ್ಲಿಷ್‌ಗೆ ಅಳೆದು ಇಟ್ಟ ಸಾಲಿನ ಎತ್ತರದಲ್ಲಿ ಕೆಳಗಿನ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಇಂಗ್ಲಿಷ್‌ನ ಚಿಕ್ಕ ಪದಕ್ಕೆ ಮಾಡಿದ ಬಟನ್‌ನಲ್ಲಿ ‘ಬುಟ್ಟಿಗೆ ಹಾಕಿ’ ಹಿಡಿಸುವುದಿಲ್ಲ. ಕನ್ನಡವನ್ನು ಕೊನೆಗೆ ಅನುವಾದ ಮಾಡಿ ಸೇರಿಸುವ ಬದಲು ಮೊದಲ ದಿನದಿಂದಲೇ ಕನ್ನಡ ಪದ ಹಾಕಿ ಪರದೆ ಕಟ್ಟಿದರೆ ಇವೆಲ್ಲ ಬೇಗ ಕಣ್ಣಿಗೆ ಬೀಳುತ್ತವೆ.

ತುಳು ಲಿಪಿಯ ಬಗ್ಗೆಯೂ ಒಂದು ಮಾತು. ತುಳು ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16ಕ್ಕೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಬಳಸುವ ಅಕ್ಷರಗಳ ಪಟ್ಟಿಗೆ, ಸೇರಿತು. ತುಂಬ ಖುಷಿಯ ಸುದ್ದಿ ಅದು. ಆದರೆ ಹಳೆಯ ಫೋನ್‌ಗಳಿಗೆ ಆ ಅಕ್ಷರಗಳ ಪರಿಚಯ ಇಲ್ಲ, ಖಾಲಿ ಚೌಕ ಕಾಣುತ್ತದೆ. ಆಪ್‌ನಲ್ಲಿ ತುಳು ಲಿಪಿ ಬೇಕೆಂದರೆ ಫಾಂಟ್ ಅನ್ನು ಆಪ್ ಜೊತೆಗೇ ಕಳಿಸಬೇಕು. ಭಾವನ ಆಪ್‌ನಲ್ಲಿ ಸದ್ಯಕ್ಕೆ ತುಳು ಹೆಸರುಗಳು ಕನ್ನಡ ಲಿಪಿಯಲ್ಲೇ ಇರುತ್ತವೆ.

## ಅಂಗಡಿಯ ಬಾಗಿಲು ದಾಟುವುದು

ಆಪ್ ಕಟ್ಟಿದ ಮೇಲೆ ಎರಡು ಅಂಗಡಿಗೆ ಒಯ್ಯಬೇಕು. ಗೂಗಲ್ ಪ್ಲೇಗೆ ಒಂದು ಸಲ 25 ಡಾಲರ್ ಕಟ್ಟಿದರೆ ಸಾಕು. ಆಪಲ್‌ಗೆ ಪ್ರತಿ ವರ್ಷ 99 ಡಾಲರ್. ಐಫೋನ್ ಆಪ್ ಅನ್ನು ಅಂತಿಮ ರೂಪಕ್ಕೆ ತರಲು ಆಪಲ್‌ನ ಮ್ಯಾಕ್ ಕಂಪ್ಯೂಟರ್ ಬೇಕೇ ಬೇಕು. ಸ್ವಂತದ್ದು ಇಲ್ಲದಿದ್ದರೆ ಇಂಟರ್ನೆಟ್‌ನಲ್ಲಿ ಬಾಡಿಗೆಗೆ ಸಿಗುತ್ತದೆ.

ನಿಯಮಗಳೂ ಬೇರೆ. ವೆಬ್‌ಸೈಟನ್ನು ಸುಮ್ನೆ ಚೌಕಟ್ಟಿನಲ್ಲಿ ಕೂರಿಸಿ ತಂದ ಆಪ್‌ಗಳನ್ನು ಆಪಲ್ ತಿರಸ್ಕರಿಸಬಹುದು. ಮೂರನೆಯ ಕೊಟೇಶನ್ ಒಪ್ಪುವವರು ಇದನ್ನು ಮೊದಲೇ ಕೇಳಬೇಕು. ಮೀನಿನಂಥ ಕೈಯಲ್ಲಿ ಹಿಡಿಯುವ ವಸ್ತು ಮಾರುವವರು ಯುಪಿಐ, ಕಾರ್ಡ್ ಬಳಸಬಹುದು. ಆಪ್‌ನೊಳಗೇ ಬಳಸುವ ಪಾಠ, ಹಾಡಿನಂಥ ಡಿಜಿಟಲ್ ಸರಕು ಮಾರುವವರಿಗೆ ಅಂಗಡಿಯವರ ಪಾವತಿ ನಿಯಮ ಅನ್ವಯಿಸುತ್ತದೆ.

ಗೂಗಲ್‌ನಲ್ಲಿ ಒಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. 2023ರ ನವೆಂಬರ್ 13ರ ಆಮೇಲೆ ತೆರೆದ ವೈಯಕ್ತಿಕ ಖಾತೆಯಾದರೆ, ಆಪ್ ಎಲ್ಲರಿಗೂ ಬಿಡುವ ಮುಂಚೆ ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಸೇರಿಕೊಂಡಿರಬೇಕು. ನಾಳೆ ಉದ್ಘಾಟನೆ, ಇವತ್ತು ಆಪ್ ಹಾಕಿ ಅಂದರೆ ಆಗುವುದಿಲ್ಲ. ಹಾಕಿದ ಮೇಲೂ ಗೂಗಲ್ ವರ್ಷ ವರ್ಷ ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ಆಪ್ ಸರಿಮಾಡಿ ಅನ್ನುತ್ತದೆ. ಮಾಡದೆ ಬಿಟ್ಟರೆ ಹೊಸ ಫೋನ್ ಕೊಂಡವರಿಗೆ ಆ ಆಪ್ ಅಂಗಡಿಯಲ್ಲಿ ಕಾಣದೆ ಹೋಗಬಹುದು. ಕೊಟೇಶನ್‌ನಲ್ಲಿ ಎರಡನೆಯ ವರ್ಷದ ಖರ್ಚು ಬರೆದಿದೆಯಾ ಎಂದು ನೋಡಿ.

## ಭಾವ ಯಾವ ಚೀಟಿ ಆರಿಸಿದರು

ನಾನು ಚೀಟಿಗಳನ್ನು ಬದಿಗಿಟ್ಟು ಆಪ್‌ನ ಅಂಚುಗಳನ್ನು ಬರೆಯಲು ಹೇಳಿದೆ. ನೋಟಿಫಿಕೇಶನ್, ಯುಪಿಐ, ವಿಳಾಸಕ್ಕೆ ನಕ್ಷೆ, ಬಿಲ್ ಪ್ರಿಂಟರ್. ಇಷ್ಟೇ ಬಂತು. ಪ್ರಿಂಟರ್ ಬೇಕಾದದ್ದು ಅಂಗಡಿಯಲ್ಲಿ ಮಾತ್ರ, ಅಲ್ಲಿ ಒಂದು ಆಂಡ್ರಾಯ್ಡ್ ಟ್ಯಾಬ್ ಇಟ್ಟರೆ ಐಫೋನ್‌ನ ಪ್ರಿಂಟರ್ ತೊಡಕು ಬರುವುದೇ ಇಲ್ಲ. ಉಳಿದ ಮೂರಕ್ಕೂ ಒಳ್ಳೆಯ ಪ್ಲಗಿನ್‌ಗಳಿವೆ. ಹಾಗಾಗಿ ಎರಡನೆಯ ಚೀಟಿ, ಒಂದೇ ಕೋಡ್‌ನದ್ದು, ಅವರ ಕೆಲಸಕ್ಕೆ ಸರಿ ಅನಿಸಿತು. ಬರೀ ರೇಟಿನ ಪಟ್ಟಿ ತೋರಿಸುವುದಿದ್ದರೆ ಮೂರನೆಯದೇ ಸಾಕಿತ್ತು, ಆಪ್ ಕೂಡ ಬೇಕಾಗಿರಲಿಲ್ಲ. ಕ್ಯಾಮೆರಾದಲ್ಲಿ ನೋಡಿ ಮೀನಿನ ತೂಕ ಅಳೆಯುವುದು, ಕೈಗಡಿಯಾರದಲ್ಲಿ ನಡೆಯುವುದು ಮುಂತಾದ್ದು ಇದ್ದರೆ ಎರಡು ಮೇಳದ ಖರ್ಚಿಗೆ ಅರ್ಥ ಇತ್ತು.

ಒಪ್ಪಂದದಲ್ಲಿ ಎರಡು ಸಾಲು ಸೇರಿಸಲು ಹೇಳಿದೆ. ಕೋಡ್ ಭಾವನ ಹೆಸರಿನಲ್ಲಿ ಇರಬೇಕು. ಎರಡೂ ಅಂಗಡಿಯ ಖಾತೆ ಭಾವನ ಇಮೇಲ್‌ನಲ್ಲೇ ತೆರೆಯಬೇಕು. ಕಟ್ಟಿದವರು ಊರು ಬಿಟ್ಟರೂ ಆಪ್ ಕೈಯಲ್ಲೇ ಉಳಿಯುತ್ತದೆ.

ಆಗಸ್ಟ್ 1ಕ್ಕೆ ಬೋಟ್ ಇಳಿಯುವ ಹೊತ್ತಿಗೆ ಆಪ್ ಇರಬೇಕಾದರೆ 14 ದಿನದ ಪರೀಕ್ಷೆ ಜುಲೈ 10ರೊಳಗೆ ಶುರುವಾಗಬೇಕು. ಗೂಗಲ್‌ನವರು ನೋಡಲು ಕೆಲವು ದಿನ ಕೈಯಲ್ಲಿರಲಿ. ಭಾವ ಅಲ್ಲೇ ಕೂತು ಹನ್ನೆರಡು ಹೆಸರು ಬರೆದರು. ಅಕ್ಕ, ಪಕ್ಕದ ಐಸ್ ಪ್ಲ್ಯಾಂಟಿನವರು, ಇಬ್ಬರು ಡೆಲಿವರಿ ಹುಡುಗರು, ಸಂತೆಕಟ್ಟೆಯ ಒಬ್ಬ ಕಾಯಂ ಗಿರಾಕಿ, ಹೀಗೆ. ಹನ್ನೆರಡನೆಯ ಹೆಸರು ನಮ್ಮ ಅಮ್ಮನದ್ದು. ಐದು ವರ್ಷದ ಹಳೆಯ ಆಂಡ್ರಾಯ್ಡ್, ಅಕ್ಷರದ ಗಾತ್ರ ಅತಿ ದೊಡ್ಡದಕ್ಕೆ ಇಟ್ಟಿದ್ದಾರೆ, ಬ್ಯಾಟರಿ ಸೇವರ್ ಯಾವಾಗಲೂ ಆನ್. ಆ ಫೋನ್‌ನಲ್ಲಿ ‘ಬುಟ್ಟಿಗೆ ಹಾಕಿ’ ಪೂರ್ತಿ ಕಾಣಬೇಕು, ‘ಬಂಗುಡೆ ಬಂದಿದೆ’ ಎಂಬ ಸಂದೇಶ ಬೆಳಿಗ್ಗೆ ಏಳಕ್ಕೆ ಬರಬೇಕು. ಮೊದಲ ಪರೀಕ್ಷೆ ಅಲ್ಲಿಂದಲೇ.